ಟ್ರ್ಯಾಕ್ಟರ್ ಹಿಂದೆ ಕಟ್ಟುವ ಎಲೆ ಬ್ಲೋವರ್: ತೋಟದ ರಸ್ತೆಗೂ ಬೆಂಕಿ ಗೆರೆಗೂ ನಾವೇ ಮಾಡಿಕೊಳ್ಳುವ ಬಗೆ

ಜನವರಿ ಬಂತು ಅಂದರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಎಲ್ಲ ಕೆಲಸವೂ ಒಟ್ಟಿಗೆ ಬರುತ್ತದೆ. ಅರೇಬಿಕಾ ಕೊಯ್ಲು ಮುಗಿಯುತ್ತಾ ಇರುತ್ತದೆ, ರೋಬಸ್ಟಾ ಹಣ್ಣಾಗುತ್ತಾ ಇರುತ್ತದೆ, ಕಣದಲ್ಲಿ ಕಾಫಿ ಒಣಗುತ್ತಾ ಇರುತ್ತದೆ. ಅದೇ ಹೊತ್ತಿಗೆ ಸಿಲ್ವರ್ ಓಕ್, ಹಾಲುವಾಣ ಎಲ್ಲಾ ಎಲೆ ಉದುರಿಸಲು ಶುರು ಮಾಡುತ್ತವೆ. ರಸ್ತೆ ಮುಚ್ಚಿಹೋಗುತ್ತದೆ, ಚರಂಡಿ ತುಂಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನ ಬೆಂಕಿ ತೋಟಕ್ಕೆ ದಾಟದಂತೆ ಗಡಿಯಲ್ಲಿ ಬಿಡಿಸಿಟ್ಟ ಬೆಂಕಿ ಗೆರೆ ಮೇಲೆ ಮತ್ತೆ ಒಣ ತರಗು ಬಂದು ಕೂರುತ್ತದೆ. ಇಷ್ಟಕ್ಕೆಲ್ಲ ಪೊರಕೆ ಹಿಡಿಯುವ ಆಳುಗಳನ್ನು ಕೊಯ್ಲಿನ ಕಾಲದಲ್ಲಿ ಎಲ್ಲಿಂದ ತರುವುದು?

ಹೆಚ್ಚಿನ ತೋಟಗಳಲ್ಲಿ ಈಗ ಒಂದು ಮಿನಿ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಅದರ ಪಿಟಿಒಗೆ (ಬೇರೆ ಯಂತ್ರ ಓಡಿಸಲು ಟ್ರ್ಯಾಕ್ಟರ್ ಹಿಂದೆ ಇರುವ ತಿರುಗುವ ಶಾಫ್ಟ್) ಒಂದು ದೊಡ್ಡ ಫ್ಯಾನ್ ಜೋಡಿಸಿದರೆ ರಸ್ತೆ ಗುಡಿಸುವ ಕೆಲಸ ಒಬ್ಬ ಡ್ರೈವರ್‌ನಿಂದಲೇ ಆಗುತ್ತದೆ. ಒಳ್ಳೆಯ ವೆಲ್ಡರ್ ಮತ್ತು ಒಂದು ಲೇತ್ ಅಂಗಡಿ ಸಿಕ್ಕಿದರೆ ಇದನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾಡಿಸಿಕೊಳ್ಳಬಹುದು. 22ರಿಂದ 28 ಎಚ್‌ಪಿ ಟ್ರ್ಯಾಕ್ಟರ್‌ಗೆ ಆಗುವ ಅಳತೆಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಐದಾರು ಎಕರೆ ತೋಟ, ರಸ್ತೆ ಅಂತ ಇರುವುದು ಒಂದೇ ಅಂದರೆ ಇದನ್ನು ಮಾಡಲು ಹೋಗಬೇಡಿ. ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಬ್ಲೋವರ್ ಸಾಕು. ಟ್ರ್ಯಾಕ್ಟರ್ ಓಡಾಡುವ ರಸ್ತೆ ಉದ್ದಕ್ಕೆ ಇದ್ದು, ಗಡಿಯಲ್ಲಿ ಕಾಡೋ ಹುಲ್ಲುಗಾವಲೋ ಇದ್ದವರಿಗೆ ಮಾತ್ರ ಈ ಶ್ರಮ ಲಾಭ.

ಎಲೆ ಎಲ್ಲಿಗೆ ಹೋಗಬೇಕು

ಕಬ್ಬಿಣ ಕತ್ತರಿಸುವ ಮುಂಚೆ ಇದನ್ನು ಯೋಚಿಸಬೇಕು. ಕಾಫಿ ಗಿಡದ ಬುಡದಲ್ಲಿರುವ ತರಗು ಕಸ ಅಲ್ಲ. ಗಿಡದ ಊಟದ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಆ ತರಗು ಬೇಸಿಗೆಯಲ್ಲಿ ತೇವ ಕಾಯುತ್ತದೆ, ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಆದ್ದರಿಂದ ಬ್ಲೋವರ್ ಯಾವತ್ತೂ ಗಿಡದ ಸಾಲಿನೊಳಗೆ ಹೋಗಬಾರದು. ಅದರ ಜಾಗ ರಸ್ತೆ, ಚರಂಡಿ ಬದಿ, ಬೆಂಕಿ ಗೆರೆ, ಖಾಲಿ ಕಣ, ಅಷ್ಟೇ. ರಸ್ತೆಯಿಂದ ಎದ್ದ ಎಲೆ ಪಕ್ಕದ ಗಿಡಗಳ ಬುಡಕ್ಕೆ ಹೋಗಿ ತೆಳ್ಳಗೆ ಹರಡಬೇಕು. ಎಲೆ ಎತ್ತುವಷ್ಟು ಗಾಳಿ ಸಾಕು, ಬುಡದ ಮಣ್ಣು ಕೆದರುವಷ್ಟು ಬೇಡ.

ಲೆಕ್ಕ

ನಮಗೆ ಬೇಕಾದ್ದು ಬ್ಲೋವರ್‌ನಿಂದ ಗಾಳಿ ಹೊರಡುವ ಬಾಯಿಯಲ್ಲಿ ಸೆಕೆಂಡಿಗೆ 50 ಮೀಟರ್ ವೇಗದ ಗಾಳಿ, ಅಂದರೆ ಗಂಟೆಗೆ 180 ಕಿ.ಮೀ. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಬಾಯಿ ಬಿಟ್ಟು ದೂರ ಹೋದ ಹಾಗೆಲ್ಲ ಗಾಳಿ ಹರಡಿಕೊಂಡು ವೇಗ ಬೇಗ ಇಳಿಯುತ್ತದೆ.

ಬಾಯಿಯ ಅಳತೆ 200 × 240 ಎಂ.ಎಂ. ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 2.4 ಘನ ಮೀಟರ್ ಗಾಳಿ ಹೊರಬರಬೇಕು. ಆ ಗಾಳಿಯಲ್ಲಿರುವ ಶಕ್ತಿ ಸುಮಾರು 3.6 ಕಿಲೋವ್ಯಾಟ್. ವರ್ಕ್‌ಶಾಪ್‌ನಲ್ಲಿ ಮಾಡಿದ ಫ್ಯಾನ್ ಕೊಟ್ಟ ಶಕ್ತಿಯಲ್ಲಿ ಅರ್ಧದಷ್ಟನ್ನು ಗಾಳಿಗೆ ಕೊಟ್ಟರೆ ಅದೇ ದೊಡ್ಡದು. ಹಾಗಾಗಿ ಪಿಟಿಒದಿಂದ 7ರಿಂದ 7.5 ಕಿಲೋವ್ಯಾಟ್, ಅಂದರೆ 10 ಎಚ್‌ಪಿ ಹತ್ತಿರ ಬೇಕು. 24 ಎಚ್‌ಪಿ ಟ್ರ್ಯಾಕ್ಟರ್‌ಗೆ ಇದು ಭಾರ ಅಲ್ಲ. ಏರು ರಸ್ತೆ ಹತ್ತಲೂ ಶಕ್ತಿ ಉಳಿದಿರುತ್ತದೆ.

ಇಷ್ಟು ಗಾಳಿಗೆ 600 ಎಂ.ಎಂ. ವ್ಯಾಸದ ಇಂಪೆಲ್ಲರ್ (ಗಾಳಿ ತಳ್ಳುವ ಬ್ಲೇಡುಗಳಿರುವ ಚಕ್ರ) ನಿಮಿಷಕ್ಕೆ 2160 ಸುತ್ತು ತಿರುಗಬೇಕು. ಪಿಟಿಒ 540 ಸುತ್ತು ಕೊಡುತ್ತದೆ. ಅದನ್ನು ನಾಲ್ಕು ಪಟ್ಟು ಮಾಡಿದರೆ ಸರಿಯಾಗಿ 2160.

ಇಲ್ಲಿ ಒಂದು ಅಪಾಯ ಇದೆ. ಕೆಲವು ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒಗೆ ಎರಡು ಸ್ಪೀಡ್ ಇರುತ್ತದೆ. 750ಕ್ಕೆ ಹಾಕಿಬಿಟ್ಟರೆ ನಮ್ಮ ಫ್ಯಾನ್ 3000 ಸುತ್ತು ಹೋಗುತ್ತದೆ. ಬ್ಲೇಡ್ ಮೇಲಿನ ಎಳೆತ ಸುಮಾರು ಎರಡು ಪಟ್ಟಾಗುತ್ತದೆ, ಬೇಕಾದ ಎಚ್‌ಪಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಫ್ಯಾನಿನ ನಿಯಮವೇ ಹಾಗೆ: ಸ್ಪೀಡ್ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ಶಕ್ತಿ ಎಂಟು ಪಟ್ಟು. ಆದ್ದರಿಂದ ಪಿಟಿಒ ಲಿವರ್ ಪಕ್ಕದಲ್ಲಿ ‘ಬ್ಲೋವರ್‌ಗೆ 540 ಮಾತ್ರ’ ಅಂತ ಪೇಂಟ್‌ನಲ್ಲಿ ಬರೆಸಿ. ಡ್ರೈವರ್ ಬದಲಾದರೂ ಆ ಬರಹ ಇರುತ್ತದೆ.

ಸಾಮಾನು

ಇಂಪೆಲ್ಲರ್ ಹಿಂಬದಿಯ ತಟ್ಟೆಗೆ 6 ಎಂ.ಎಂ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್, ಬ್ಲೇಡಿಗೆ 5 ಎಂ.ಎಂ., ಮುಂದಿನ ಉಂಗುರಕ್ಕೆ 4 ಎಂ.ಎಂ., ಇಂಪೆಲ್ಲರ್ ಸುತ್ತ ಬರುವ ಕೇಸಿಂಗ್‌ಗೆ 3 ಎಂ.ಎಂ. ಫ್ರೇಮಿಗೆ 75 ಎಂ.ಎಂ. ಸಿ ಚಾನಲ್. ಫ್ಯಾನ್ ಶಾಫ್ಟ್‌ಗೆ 45 ಎಂ.ಎಂ. ಇಎನ್ 8 ಉಕ್ಕಿನ ರಾಡ್, ಅದಕ್ಕೆ ಯುಸಿಪಿ 209 ಬೇರಿಂಗ್ ಎರಡು. ಪಿಟಿಒ ತಿರುಗಿಸುವ ಕೆಳಗಿನ ಶಾಫ್ಟ್ 40 ಎಂ.ಎಂ., ಅದಕ್ಕೆ ಯುಸಿಪಿ 208 ಎರಡು. ಪುಲ್ಲಿ 20 ಇಂಚಿನದು ಒಂದು, 5 ಇಂಚಿನದು ಒಂದು, ಎರಡೂ ಬಿ ಸೆಕ್ಷನ್ ಬೆಲ್ಟಿನದು, ನಾಲ್ಕು ಗ್ರೂವ್. ರೋಟವೇಟರ್‌ಗೆ ಬರುವ ಪಿಟಿಒ ಶಾಫ್ಟ್ ಒಂದು, ಗಾರ್ಡ್ ಸಮೇತ.

ಪುಲ್ಲಿಯನ್ನು ಹಳೆಯ ಹಿಟ್ಟಿನ ಗಿರಣಿಯಿಂದ ತಂದರೂ ನಡೆಯುತ್ತದೆ, ಬಿರುಕು ಇಲ್ಲದೆ ನೇರವಾಗಿ ತಿರುಗಿದರೆ ಸಾಕು. ಚಾನಲ್ ಗುಜರಿಯಿಂದ ಬಂದರೂ ಚಿಂತೆ ಇಲ್ಲ. ಆದರೆ ಇಂಪೆಲ್ಲರ್ ಪ್ಲೇಟು, ಶಾಫ್ಟು, ಬೇರಿಂಗ್ ಈ ಮೂರು ಹೊಸದೇ ಆಗಬೇಕು. ಹಳೆಯ ರೈಸ್ ಮಿಲ್ ಬ್ಲೋವರ್‌ನ ಇಂಪೆಲ್ಲರ್ ಸಿಕ್ಕಿತು ಅಂತ ತಂದು ಹಾಕಬೇಡಿ. ಅದು ಯಾವ ಸ್ಪೀಡಿಗೆ ಮಾಡಿದ್ದು, ಒಳಗೆ ಎಷ್ಟು ತುಕ್ಕು ತಿಂದಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಇಂಪೆಲ್ಲರ್

ಇಡೀ ಯಂತ್ರದಲ್ಲಿ ಮನಸ್ಸಿಟ್ಟು ಮಾಡಬೇಕಾದ್ದು ಇದೊಂದೇ. ಬೇರೆ ಕಡೆ ಅರ್ಧ ಇಂಚು ಆಚೀಚೆ ಆದರೆ ಗಾಳಿ ಸ್ವಲ್ಪ ಕಮ್ಮಿ ಬರುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಜನರಿಗೆ ಪೆಟ್ಟಾಗುತ್ತದೆ. ಒಂದು ಬ್ಲೇಡ್ 150 × 150 ಎಂ.ಎಂ., ದಪ್ಪ 5 ಎಂ.ಎಂ. ತೂಕ ಒಂದು ಕಿಲೋ ಕೂಡ ಇಲ್ಲ. ಆದರೆ 2160 ಸುತ್ತಿನಲ್ಲಿ ಆ ಒಂದೊಂದು ಬ್ಲೇಡೂ ಹೊರಗೆ ಕಿತ್ತುಕೊಳ್ಳಲು ಒಂದು ಟನ್ ಭಾರದಷ್ಟು ಜೋರಾಗಿ ಎಳೆಯುತ್ತಿರುತ್ತದೆ. ವೆಲ್ಡರ್‌ಗೆ ಈ ಮಾತು ಹೇಳಿಯೇ ಕೆಲಸ ಕೊಡಿ.

6 ಎಂ.ಎಂ. ಪ್ಲೇಟಿನಲ್ಲಿ 600 ಎಂ.ಎಂ. ವೃತ್ತ ಕತ್ತರಿಸಿ. ಗ್ಯಾಸ್ ಕಟಿಂಗ್ ಆದರೆ 3 ಎಂ.ಎಂ. ಜಾಸ್ತಿ ಬಿಟ್ಟು, ಆಮೇಲೆ ಲೇತ್‌ನಲ್ಲಿ ಅಂಚು ತಿರುಗಿಸಿ. ಲೇಸರ್ ಅಥವಾ ಸಿಎನ್‌ಸಿ ಪ್ಲಾಸ್ಮಾ ಕಟಿಂಗ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಎಂಟು ಬ್ಲೇಡನ್ನೂ ಒಂದೇ ಪ್ಲೇಟಿನಿಂದ ಕತ್ತರಿಸಿ ಒಂದೊಂದನ್ನೂ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೂಕ ಜಾಸ್ತಿ ಇದ್ದದ್ದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಎಲ್ಲವನ್ನೂ ಎರಡು ಮೂರು ಗ್ರಾಂ ಒಳಗೆ ತನ್ನಿ.

ನಡುವಿನ ಹಬ್‌ಗೆ 100 ಎಂ.ಎಂ. ದಪ್ಪದ ರೌಂಡ್ ಬಾರ್ ತೆಗೆದುಕೊಂಡು 80 ಎಂ.ಎಂ. ಉದ್ದಕ್ಕೆ ಕತ್ತರಿಸಿ. ಒಳಗೆ 45 ಎಂ.ಎಂ. ಬೋರ್, 14 × 9 ಎಂ.ಎಂ. ಕೀ. ಬೋರ್ ಸಡಿಲ ಇರಬಾರದು. ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಹೋಗಬೇಕು. ಶಾಫ್ಟ್ ತುದಿಯಲ್ಲಿ ದಪ್ಪ ವಾಷರ್, ಬೋಲ್ಟ್, ಲಾಕ್ ಪ್ಲೇಟ್ ಬರಲಿ. ಬರೀ ಗ್ರಬ್ ಸ್ಕ್ರೂ ನಂಬಬೇಡಿ.

ಹಬ್ಬನ್ನು ತಟ್ಟೆಗೆ ಎರಡೂ ಕಡೆ ವೆಲ್ಡ್ ಮಾಡಿ, ತಣ್ಣಗಾದ ಮೇಲೆ ಲೇತ್‌ಗೆ ಹಾಕಿ ತಟ್ಟೆ ನೇರವಾಗಿ ತಿರುಗುತ್ತಾ ನೋಡಿ. ಆಮೇಲೆ ಎಂಟು ಗೆರೆ ಹಾಕಿ, 45 ಡಿಗ್ರಿಗೆ ಒಂದು. ಬ್ಲೇಡುಗಳು ನೇರವಾಗಿ ನಡುವಿನಿಂದ ಹೊರಗೆ ಚಾಚಿರಲಿ, ಒಳತುದಿ 150ನೇ ಎಂ.ಎಂ.ನಲ್ಲಿ, ಹೊರತುದಿ 300ರಲ್ಲಿ. ಹಿಂದಕ್ಕೆ ಬಾಗಿದ ಬ್ಲೇಡ್ ಹಾಕಿದರೆ ಶಕ್ತಿ ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಎಂಟನ್ನೂ ಒಂದೇ ಥರ ಬಗ್ಗಿಸುವುದು ಕಷ್ಟ. ನೇರ ಬ್ಲೇಡು ಗಟ್ಟಿ, ಅದಕ್ಕೆ ಧೂಳೂ ಕಮ್ಮಿ ಹಿಡಿಯುತ್ತದೆ. ನಮ್ಮ ಕೆಲಸಕ್ಕೆ ನೇರದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಎಲ್ಲವನ್ನೂ ಮೊದಲು ಟ್ಯಾಕ್ ಹಾಕಿ ನಿಲ್ಲಿಸಿ, ಮೂಲೆಮಟ್ಟ ಹಿಡಿದು ನೋಡಿ. ಪೂರ್ತಿ ವೆಲ್ಡ್ ಮಾಡುವಾಗ ಒಂದು ಬ್ಲೇಡ್ ಆದ ಮೇಲೆ ಅದರ ಎದುರಿನದು, ಆಮೇಲೆ ಅಡ್ಡದ್ದು. ಹೀಗೆ ಮಾಡದಿದ್ದರೆ ತಟ್ಟೆ ಬಿಸಿಗೆ ಸೊಟ್ಟಗಾಗುತ್ತದೆ. ಬ್ಲೇಡಿನ ಎರಡೂ ಬದಿಗೆ, ಪೂರ್ತಿ ಉದ್ದಕ್ಕೆ, 5 ಎಂ.ಎಂ. ವೆಲ್ಡ್ ಬರಬೇಕು. ನಡುವೆ ಬಿಟ್ಟು ಬಿಟ್ಟು ಹಾಕಿದ ವೆಲ್ಡ್ ಬೇಡವೇ ಬೇಡ. 7018 ರಾಡ್ ಬಳಸಿ, ಅದನ್ನು ಒಣಗಿಸಿಯೇ ಬಳಸಿ. ನಮ್ಮ ಕಡೆಯ ತೇವಕ್ಕೆ ಪ್ಯಾಕೆಟ್ ತೆರೆದಿಟ್ಟ ರಾಡ್ ಬೇಗ ಹಾಳಾಗುತ್ತದೆ.

ಕೊನೆಗೆ ಬ್ಲೇಡುಗಳ ಮುಂದಿನ ಅಂಚಿಗೆ 4 ಎಂ.ಎಂ. ಪ್ಲೇಟಿನ ಉಂಗುರ. ಹೊರಗೆ 600, ಒಳಗೆ 320 ಎಂ.ಎಂ. ಇದು ಎಂಟೂ ಬ್ಲೇಡನ್ನು ಒಂದಕ್ಕೊಂದು ಕಟ್ಟಿ ಹಿಡಿಯುತ್ತದೆ, ಗಾಳಿ ಸೋರುವುದನ್ನೂ ತಡೆಯುತ್ತದೆ. ಎಲ್ಲ ಸೇರಿ ಇಂಪೆಲ್ಲರ್ 30 ಕಿಲೋ ಹತ್ತಿರ ಬರುತ್ತದೆ.

ತೂಕ ಸಮ ಮಾಡುವುದು

ಅಂಚಿನಲ್ಲಿ ಬರೀ 10 ಗ್ರಾಂ ವ್ಯತ್ಯಾಸ ಇದ್ದರೂ ಓಡುವಾಗ ಅದು 15 ಕಿಲೋ ಭಾರದಷ್ಟು ಜೋರಾಗಿ ಬೇರಿಂಗನ್ನು ಗುದ್ದುತ್ತದೆ, ಅದೂ ಸೆಕೆಂಡಿಗೆ 36 ಸಲ. ಬೇರಿಂಗ್ ಸಾಯುವುದು, ಬೋಲ್ಟ್ ಸಡಿಲ ಆಗುವುದು, ವೆಲ್ಡ್ ಬಿರುಕು ಬಿಡುವುದು ಎಲ್ಲಾ ಇದರಿಂದಲೇ.

ಮನೆಯಲ್ಲೇ ಮಾಡುವ ವಿಧಾನ ಹೀಗೆ. ಎರಡು ನೇರವಾದ ಆಂಗಲ್‌ಗಳನ್ನು ಅಂಚು ಮೇಲೆ ಬರುವ ಹಾಗೆ ಗಟ್ಟಿ ಸ್ಟ್ಯಾಂಡ್ ಮೇಲೆ ಸಮಾನಾಂತರ ಇಟ್ಟು, ಮಟ್ಟಗೋಲು ಹಿಡಿದು ಸರಿಮಾಡಿ. ಇಂಪೆಲ್ಲರನ್ನು ಅದರದ್ದೇ ಶಾಫ್ಟ್‌ಗೆ ಹಾಕಿ ಆ ಅಂಚುಗಳ ಮೇಲೆ ಉರುಳಲು ಬಿಡಿ. ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಮೇಲಿನ ಕಡೆ ಆಯಸ್ಕಾಂತದ ತುಂಡುಗಳನ್ನು ಅಂಟಿಸುತ್ತಾ ಹೋಗಿ. ಯಾವ ಜಾಗದಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಸಮ ಆಯಿತು ಅಂತ. ಆಯಸ್ಕಾಂತದ ತೂಕ ನೋಡಿ, ಅಷ್ಟೇ ತೂಕದ ತುಂಡನ್ನು ತಟ್ಟೆಯ ಹಿಂಬದಿಗೆ ವೆಲ್ಡ್ ಮಾಡಿ, ಇಲ್ಲವೇ ಎದುರು ಬದಿಯಲ್ಲಿ ತಟ್ಟೆಯ ಅಂಚನ್ನು ಅಷ್ಟೇ ಉಜ್ಜಿ. ಬ್ಲೇಡಿನ ವೆಲ್ಡ್ ಮುಟ್ಟಬೇಡಿ.

ಇದು ಸಾಕಾಗುತ್ತದೆ. ಆದರೂ ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಶಾಫ್ಟ್ ಸಮೇತ ಪೀಣ್ಯಕ್ಕೆ ಒಯ್ದು ಮೆಷಿನ್ ಮೇಲೆ ಬ್ಯಾಲೆನ್ಸ್ ಮಾಡಿಸಿ. ಈ ಯಂತ್ರಕ್ಕೆ ನೀವು ಹಾಕುವ ದುಡ್ಡಿನಲ್ಲಿ ಅತಿ ಹೆಚ್ಚು ಬೆಲೆ ಬಾಳುವುದು ಅದೇ.

ಕೇಸಿಂಗ್

ಕೇಸಿಂಗ್ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಅಗಲ ಆಗುತ್ತಾ ಹೋಗಬೇಕು. ಅದನ್ನು ಬರೆಯಲು ಸುಲಭದ ದಾರಿ ಇದೆ. ಪ್ಲೇಟಿನ ಮೇಲೆ ಶಾಫ್ಟ್ ಬರುವ ಜಾಗವನ್ನು ನಡುವಾಗಿಟ್ಟು 60 ಎಂ.ಎಂ. ಬದಿಯ ಸಣ್ಣ ಚೌಕ ಬರೆಯಿರಿ. ಚೌಕದ ನಾಲ್ಕು ಮೂಲೆಗಳನ್ನೇ ಕೇಂದ್ರ ಮಾಡಿಕೊಂಡು ಒಂದೊಂದರಿಂದಲೂ ಕಾಲು ವೃತ್ತ ಎಳೆಯಿರಿ. ಮೊದಲಿನದಕ್ಕೆ ತ್ರಿಜ್ಯ 370 ಎಂ.ಎಂ., ಎರಡನೆಯದಕ್ಕೆ 430, ಮೂರನೆಯದಕ್ಕೆ 490, ನಾಲ್ಕನೆಯದಕ್ಕೆ 550. ಒಂದು ಮುಗಿದ ಕಡೆಯಿಂದಲೇ ಇನ್ನೊಂದು ಶುರುವಾಗುತ್ತದೆ. ಶುರುವಿನಲ್ಲಿ ಇಂಪೆಲ್ಲರ್‌ಗೂ ಗೋಡೆಗೂ 40 ಎಂ.ಎಂ. ಸಂದು ಇರುತ್ತದೆ, ಕೊನೆಯಲ್ಲಿ 280. ಶುರು ಮತ್ತು ಕೊನೆ ನಡುವೆ ಉಳಿಯುವ 240 ಎಂ.ಎಂ.ಗಳೇ ಗಾಳಿ ಹೊರಡುವ ಬಾಯಿ.

ಬಾಯಿ ಯಾವ ಕಡೆಗೆ? ಟ್ರ್ಯಾಕ್ಟರ್ ಹಿಂದೆ ನಿಂತು ನೋಡಿದರೆ ಪಿಟಿಒ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಬೆಲ್ಟ್ ದಿಕ್ಕು ಬದಲಿಸುವುದಿಲ್ಲ. ಹಾಗಾಗಿ ಕೆಳಗಿನಿಂದ ಹೊರಡುವ ಗಾಳಿ ಎಡಗಡೆಗೇ ಹೋಗುತ್ತದೆ. ಹಿಂದಿನಿಂದ ನೋಡಿದಾಗ ಚಿಪ್ಪಿನ ಕಿರಿದಾದ ಶುರು ಕೆಳಗೆ, ಅಲ್ಲಿಂದ ಎಡಕ್ಕೆ, ಮೇಲಕ್ಕೆ, ಬಲಕ್ಕೆ ಅಗಲ ಆಗುತ್ತಾ ಮತ್ತೆ ಕೆಳಗೆ ಬಂದು ಎಡಕ್ಕೆ ತೆರೆಯಬೇಕು. ಪ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿಕೊಂಡೇ ಕತ್ತರಿಸಿ. ಉಲ್ಟಾ ಮಾಡಿದರೆ ಇಡೀ ಕೇಸಿಂಗ್ ವ್ಯರ್ಥ.

ಕೇಸಿಂಗ್ ಒಳಗಿನ ಅಗಲ 200 ಎಂ.ಎಂ. ಸುತ್ತುಪಟ್ಟಿಯ ಪ್ಲೇಟ್ 3 ಎಂ.ಎಂ.ಗಿಂತ ತೆಳು ಬೇಡ. ಒಂದು ಬ್ಲೇಡ್ ಕಿತ್ತರೆ ಅದನ್ನು ಒಳಗೇ ಹಿಡಿಯಬೇಕಾದ್ದು ಈ ಪಟ್ಟಿಯೇ. ಕೇಸಿಂಗ್‌ನ ಹಿಂಬದಿಯ ಪ್ಲೇಟನ್ನು, ಅಂದರೆ ಇಂಪೆಲ್ಲರ್‌ನ ಉಂಗುರದ ಎದುರು ಬರುವುದನ್ನು, 10 ಎಂ.ಎಂ. ಬೋಲ್ಟ್‌ಗಳಲ್ಲಿ ಕೂರಿಸಿ, ಇಂಪೆಲ್ಲರ್ ಹೊರಗೆ ತೆಗೆಯಲು ಬರಬೇಕಲ್ಲ. ಅದೇ ಪ್ಲೇಟಿನ ನಡುವೆ 300 ಎಂ.ಎಂ. ತೂತು, ಗಾಳಿ ಒಳಗೆ ಬರಲು. ತೂತಿನ ಅಂಚಿಗೆ ಬಗ್ಗಿಸಿದ ಪೈಪಿನ ಉಂಗುರ ವೆಲ್ಡ್ ಮಾಡಿದರೆ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ತಳದಲ್ಲಿ ನೀರು ಬಸಿಯಲು 10 ಎಂ.ಎಂ. ತೂತು ಒಂದು.

ಒಳಬರುವ ಬಾಯಿಗೆ ಜಾಲರಿ ಬೇಕೇ ಬೇಕು. ಚಪ್ಪಟೆ ಜಾಲರಿ ಹಾಕಿದರೆ ಸಿಲ್ವರ್ ಓಕ್ ಎಲೆ ಬಂದು ಅಂಟಿಕೊಂಡು ಉಸಿರು ಕಟ್ಟಿಸುತ್ತದೆ. ಆ ಎಲೆಯ ಸೀಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೆ 12 ಎಂ.ಎಂ. ವೆಲ್ಡ್ ಮೆಶ್‌ನಲ್ಲಿ ಒಂದು ಪೆಟ್ಟಿಗೆ ಮಾಡಿ ಹೊರಗೆ ಕೂರಿಸಿ. ಜಾಲರಿಯ ಒಟ್ಟು ಮೈ ತೂತಿನ ನಾಲ್ಕು ಪಟ್ಟಾದರೂ ಇರಲಿ. ಎಳೆತ ಹಂಚಿಹೋಗಿ ಎಲೆ ಅಂಟುವುದು ಕಮ್ಮಿಯಾಗುತ್ತದೆ.

ಹೊರಬಾಯಿಗೆ ಅರ್ಧ ಮೀಟರ್ ಉದ್ದದ ಮೂತಿ. ಶುರುವಿನಲ್ಲಿ 200 ಅಗಲ, 240 ಎತ್ತರ, ಕೊನೆಯಲ್ಲಿ 400 ಅಗಲ, 115 ಎತ್ತರ. ವಿಸ್ತೀರ್ಣ ಹೆಚ್ಚುಕಮ್ಮಿ ಅಷ್ಟೇ, ಆದರೆ ಗಾಳಿ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಮೂತಿ ಓರೆಯಾಗಿ ಕೆಳಗೆ ಇಳಿದು ನೆಲದಿಂದ 20 ಸೆಂ.ಮೀ. ಮೇಲೆ ನಿಲ್ಲಲಿ. ತುದಿಗೆ ಕೀಲು ಹಾಕಿದ ಒಂದು ಬಾಗಿಲು ಇಟ್ಟರೆ ಗಾಳಿಯನ್ನು ಮೇಲೆ ಕೆಳಗೆ ಮಾಡಬಹುದು. ಮೂತಿ ಗಾಲಿಗಿಂತ ಹೊರಗೆ ಚಾಚುವುದರಿಂದ ನಾಲ್ಕು ಬೋಲ್ಟ್‌ನಲ್ಲಿ ಬಿಚ್ಚುವ ಹಾಗಿರಲಿ.

ಫ್ರೇಮ್, ಶಾಫ್ಟ್, ಬೆಲ್ಟ್

ಫ್ರೇಮನ್ನು ಟ್ರ್ಯಾಕ್ಟರ್‌ನ ಮೂರು ಕೈಗಳಿಗೆ ಸಿಕ್ಕಿಸುವ ಪಿನ್ನುಗಳಲ್ಲಿ ಕೆಳಗಿನ ಎರಡು 22 ಎಂ.ಎಂ., ಮೇಲಿನದು 19 ಎಂ.ಎಂ., ಎತ್ತರದ ವ್ಯತ್ಯಾಸ 460 ಎಂ.ಎಂ. ಇದು ಟ್ರ್ಯಾಕ್ಟರ್ ಜೋಡಣೆಯ ಕೆಟಗರಿ 1ರ ಅಳತೆ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಕೆಳ ಕೈಗಳ ನಡುವಿನ ಅಗಲ ಕಮ್ಮಿ ಇರುತ್ತದೆ. ನಿಮ್ಮ ರೋಟವೇಟರ್‌ನ ಅಳತೆಯನ್ನೇ ಟೇಪ್ ಹಿಡಿದು ತೆಗೆದುಕೊಳ್ಳಿ.

ಕೆಳಗಿನ ಶಾಫ್ಟ್ ಪಿಟಿಒ ಎತ್ತರಕ್ಕೇ ಬರಲಿ. ಅದರ ತುದಿಗೆ ಆರು ಹಲ್ಲಿನ 1 3/8 ಇಂಚಿನ ಸ್ಪ್ಲೈನ್ ಬೇಕು. ರೋಟವೇಟರ್ ಬಿಡಿಭಾಗದ ಅಂಗಡಿಯಲ್ಲಿ ಸಿದ್ಧ ಸ್ಪ್ಲೈನ್ ತುಂಡು ಸಿಗುತ್ತದೆ. ಫ್ಯಾನ್ ಶಾಫ್ಟ್ ಅದರ ನೇರ ಮೇಲೆ 550 ಎಂ.ಎಂ. ದೂರದಲ್ಲಿ. 20 ಇಂಚಿನ ಪುಲ್ಲಿ ಕೆಳಗೆ, 5 ಇಂಚಿನದು ಮೇಲೆ. ಮೇಲಿನ ಶಾಫ್ಟ್‌ನಲ್ಲಿ ಟ್ರ್ಯಾಕ್ಟರ್ ಕಡೆಗೆ ಪುಲ್ಲಿ, ಆಮೇಲೆ ಎರಡು ಬೇರಿಂಗ್, ಹಿಂದಿನ ತುದಿಯಲ್ಲಿ ಇಂಪೆಲ್ಲರ್. ಇಂಪೆಲ್ಲರ್ ಬೇರಿಂಗ್‌ಗೆ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು. ಎರಡು ಬೇರಿಂಗ್ ನಡುವೆ 300 ಎಂ.ಎಂ. ಆದರೂ ಇರಲಿ.

ಮೇಲಿನ ಬೇರಿಂಗ್ ಕೂರುವ ಪ್ಲೇಟಿನ ತೂತುಗಳನ್ನು ಉದ್ದಕ್ಕೆ ಕೊರೆಸಿ, 20 ಎಂ.ಎಂ. ಮೇಲೆ ಕೆಳಗೆ ಸರಿಸುವ ಹಾಗೆ. ಬೆಲ್ಟ್ ಬಿಗಿ ಮಾಡಲು ಅದು ಬೇಕು. ಕೇಸಿಂಗ್ ಕೂಡ ಅದೇ ಪ್ಲೇಟಿನ ಜೊತೆ ಸರಿಯಬೇಕು, ಇಲ್ಲದಿದ್ದರೆ ಇಂಪೆಲ್ಲರ್ ನಡುವಿನಿಂದ ತಪ್ಪುತ್ತದೆ. ಬೆಲ್ಟ್ ಉದ್ದ ಸುಮಾರು 85 ಇಂಚು ಬರುತ್ತದೆ. ಮೂರು ಬೆಲ್ಟ್ ಶಕ್ತಿ ತಡೆಯುತ್ತವೆ, ನಾಲ್ಕು ಹಾಕಿದರೆ ನೆಮ್ಮದಿ. ನಾಲ್ಕನ್ನೂ ಒಂದೇ ಸಲ, ಒಂದೇ ಕಂಪನಿಯದ್ದು ತನ್ನಿ. ಒಂದು ಹೊಸದು ಮೂರು ಹಳೆಯದು ಹಾಕಿದರೆ ಹೊಸದೊಂದೇ ಭಾರ ಎಳೆಯುತ್ತದೆ.

ಗೇರ್‌ಬಾಕ್ಸ್ ಯಾಕೆ ಬೇಡ ಅಂತ ಕೇಳಬಹುದು. ಒಳ್ಳೆಯ ಸ್ಪೀಡ್ ಹೆಚ್ಚಿಸುವ ಗೇರ್‌ಬಾಕ್ಸ್ ಸಿಕ್ಕಿದರೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕೊಡಲಿಪೇಟೆಯಲ್ಲೋ ಕೊಟ್ಟಿಗೆಹಾರದಲ್ಲೋ ಇರುವವರಿಗೆ ಬೆಲ್ಟ್ ಕಿತ್ತರೆ ಹೊಸದು ತಂದು ತಾವೇ ಹಾಕಿಕೊಳ್ಳಬಹುದು. ಏನಾದರೂ ಸಿಕ್ಕಿಕೊಂಡರೆ ಬೆಲ್ಟ್ ಆದರೆ ಜಾರುತ್ತದೆ, ಗೇರ್ ಆದರೆ ಮುರಿಯುತ್ತದೆ.

ತಿರುಗುವ ಚಕ್ರ ನಿಲ್ಲುವುದಿಲ್ಲ

ಈ ವಿಷಯ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಪೂರ್ತಿ ಸ್ಪೀಡಿನಲ್ಲಿರುವ 30 ಕಿಲೋ ಚಕ್ರ ಕ್ಲಚ್ ಒತ್ತಿದ ತಕ್ಷಣ ನಿಲ್ಲುವುದಿಲ್ಲ. ಪಿಟಿಒ ಮತ್ತು ಗಾಲಿ ಎರಡಕ್ಕೂ ಒಂದೇ ಕ್ಲಚ್ ಇರುವ ಟ್ರ್ಯಾಕ್ಟರ್‌ನಲ್ಲಿ ಆ ಚಕ್ರವೇ ಗೇರ್ ಮೂಲಕ ಗಾಲಿಯನ್ನು ಮುಂದೆ ತಳ್ಳುತ್ತದೆ. ಇಳಿಜಾರಿನಲ್ಲಿ ನೀವು ನಿಲ್ಲಿಸಲು ಕ್ಲಚ್ ಒತ್ತಿದರೂ ಟ್ರ್ಯಾಕ್ಟರ್ ಮುಂದೆ ಹೋಗುತ್ತದೆ. ಇದಕ್ಕೆ ಪಿಟಿಒ ಶಾಫ್ಟ್‌ನಲ್ಲಿ ಓವರ್‌ರನ್ನಿಂಗ್ ಕ್ಲಚ್ ಹಾಕಬೇಕು. ಟ್ರ್ಯಾಕ್ಟರ್ ನಿಧಾನ ಆದರೂ ಫ್ಯಾನ್ ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ. ನಮ್ಮ ಮಲೆನಾಡಿನ ಏರಿಳಿತದ ರಸ್ತೆಯಲ್ಲಿ ಇದಿಲ್ಲದೆ ಬ್ಲೋವರ್ ಓಡಿಸಲೇಬೇಡಿ.

ಗಾರ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿಟಿಒ ಶಾಫ್ಟ್‌ಗೆ ಪ್ಲಾಸ್ಟಿಕ್ ಕವಚ, ಬೆಲ್ಟ್ ಮತ್ತು ಪುಲ್ಲಿಗೆ ಮುಂದೆ ಹಿಂದೆ ಎರಡೂ ಕಡೆ ಶೀಟ್. ಪಂಚೆ, ಸೀರೆ ಸೆರಗು, ಕುತ್ತಿಗೆಗೆ ಸುತ್ತಿದ ಟವೆಲ್ ಹತ್ತಿರ ಬರಕೂಡದು. ಪಿಟಿಒ ಬಟ್ಟೆ ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಮೊದಲ ಓಟ

ಎಲ್ಲ ಸೇರಿ 150ರಿಂದ 175 ಕಿಲೋ ತೂಗುತ್ತದೆ. ಸಮತಟ್ಟು ಜಾಗದಲ್ಲಿ, ಮನೆ ಮತ್ತು ಆಳುಗಳ ಲೈನ್ ಮನೆಗಳಿಂದ ದೂರ, ಕೆಳಗೆ ಇಳಿಸಿ ನಿಲ್ಲಿಸಿ. ಕೈಯಲ್ಲಿ ಇಂಪೆಲ್ಲರ್ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿ. ಒಳಗೆ ಬಿಟ್ಟ ಸ್ಪ್ಯಾನರ್, ವೆಲ್ಡಿಂಗ್ ರಾಡ್ ತುಂಡು ಇದ್ದರೆ ತೆಗೆಯಿರಿ.

ಬ್ಲೇಡ್ ಏನಾದರೂ ಕಿತ್ತರೆ ಅದು ಚಕ್ರದ ಸಾಲಿನಲ್ಲೇ, ಅಂದರೆ ಎರಡು ಪಕ್ಕಕ್ಕೆ ಮತ್ತು ಮೇಲಕ್ಕೆ ಹೋಗುತ್ತದೆ. ಸೀಟಿನಲ್ಲಿರುವ ಡ್ರೈವರ್ ಆ ಸಾಲಿನಲ್ಲಿಲ್ಲ, ಪಕ್ಕದಲ್ಲಿ ನಿಂತು ನೋಡುವವರು ಇರುತ್ತಾರೆ. ಹಾಗಾಗಿ ಪಕ್ಕದಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಬೇಡ.

ಎಂಜಿನ್ ಐಡಲ್‌ನಲ್ಲಿದ್ದಾಗಲೇ ಪಿಟಿಒ ಹಾಕಿ. ಪಿಟಿಒ 300 ಸುತ್ತಿನ ಹತ್ತಿರ ಐದು ನಿಮಿಷ ಓಡಿಸಿ. ಆ ಸ್ಪೀಡಿನಲ್ಲಿ ಪೂರ್ತಿ ಶಕ್ತಿಯ ಆರನೇ ಒಂದು ಭಾಗ ಮಾತ್ರ ಬೇಕಾಗುತ್ತದೆ. ನಿಲ್ಲಿಸಿ, ಇಂಪೆಲ್ಲರ್ ಪೂರ್ತಿ ನಿಂತು ಕೀ ತೆಗೆದ ಮೇಲೆ ಬೇರಿಂಗ್ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಬಿಸಿ ಆಗಿದ್ದರೆ ಗ್ರೀಸ್ ಅಥವಾ ಜೋಡಣೆ ಸರಿ ಇಲ್ಲ. ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ. ಆಮೇಲೆ 400, ಆಮೇಲೆ 540. ಸ್ಪೀಡ್ ಅಂದಾಜಿನಲ್ಲಿ ಹೇಳಬೇಡಿ. ಹೊಳೆಯುವ ಸ್ಟಿಕ್ಕರ್ ಅಂಟಿಸಿ ಅಳೆಯುವ ಸಣ್ಣ ಡಿಜಿಟಲ್ ಟ್ಯಾಕೋಮೀಟರ್ ಒಂದು ಇಟ್ಟುಕೊಳ್ಳಿ. ಯಾವುದೋ ಒಂದು ಸ್ಪೀಡಿನಲ್ಲಿ ಫ್ರೇಮ್ ಗಡಗಡ ಅಂದರೆ ಆ ಸ್ಪೀಡ್ ದಾಟಿಸಿ ಹೋಗೋಣ ಅಂತ ಥ್ರಾಟಲ್ ಏರಿಸಬೇಡಿ. ನಿಲ್ಲಿಸಿ, ಮತ್ತೆ ಬ್ಯಾಲೆನ್ಸ್ ನೋಡಿ. ಮೊದಲ ಒಂದು ಗಂಟೆ ಓಡಿದ ಮೇಲೆ ಬೆಲ್ಟ್ ಸ್ವಲ್ಪ ಸಡಿಲ ಆಗುತ್ತದೆ, ಬಿಗಿ ಮಾಡಿ.

ತೋಟದಲ್ಲಿ

ಬೆಳಗ್ಗೆ ಇಬ್ಬನಿ ಇರುವಾಗ ಎಲೆ ನೆಲಕ್ಕೆ ಅಂಟಿರುತ್ತದೆ. ಹತ್ತು ಗಂಟೆ ಕಳೆಯಲಿ. ಲೋ ಗೇರ್‌ನಲ್ಲಿ, ಜನ ನಡೆಯುವ ವೇಗದಲ್ಲಿ ಹೋಗಿ. ಗಾಳಿ ಎಡಕ್ಕೆ ಬರುವುದರಿಂದ ಎಲೆ ಹೋಗಬೇಕಾದ ಬದಿ ನಿಮ್ಮ ಎಡಕ್ಕೆ ಬರುವಂತೆ ದಿಕ್ಕು ಆರಿಸಿಕೊಳ್ಳಿ. ಅಗಲ ರಸ್ತೆಗೆ ಬಲ ಅಂಚಿನಿಂದ ಶುರು ಮಾಡಿ ಎರಡು ಸಲ ಹೋದರೆ ಮುಗಿಯುತ್ತದೆ.

ಬೆಂಕಿ ಗೆರೆಯಲ್ಲಿ ಬೇರೆ ಲೆಕ್ಕ. ಎಲೆಯನ್ನು ಗೆರೆಯ ಅಂಚಿಗೆ ಗುಡ್ಡೆ ಹಾಕಿ ಬಿಟ್ಟರೆ ಬೆಂಕಿಗೆ ಸೌದೆ ಕೂಡಿಸಿಟ್ಟಂತೆ. ತೋಟದ ಕಡೆಗೇ ಊದಿ, ಮೂತಿ ಬಾಗಿಲು ಸ್ವಲ್ಪ ಮೇಲೆತ್ತಿ ಇನ್ನೊಂದು ಸಲ ಹೋಗಿ, ಗುಡ್ಡೆ ಒಳಗೆ ಹರಡಿಹೋಗಲಿ. ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ, ಎಲೆ ಉದುರುತ್ತಿರುವಷ್ಟು ಕಾಲ ಮತ್ತೆ ಮತ್ತೆ ಹೋಗಬೇಕು. ಸೈಲೆನ್ಸರ್ ಬಿಸಿ ಒಣ ತರಗಿಗೆ ತಾಗುವ ಹಾಗೆ ಟ್ರ್ಯಾಕ್ಟರ್ ನಿಲ್ಲಿಸಬೇಡಿ. ಎರಡು ಕ್ಯಾನ್ ನೀರು, ಒಂದು ಗುದ್ದಲಿ ಯಾವಾಗಲೂ ಜೊತೆಗಿರಲಿ.

ರೋಬಸ್ಟಾ ಕೊಯ್ದ ಬ್ಲಾಕ್‌ನ ರಸ್ತೆಯಾದರೆ, ಉದುರಿದ ಹಣ್ಣು ಆರಿಸಿದ ಮೇಲೆಯೇ ಬ್ಲೋವರ್ ತನ್ನಿ. ಕಾಯಿಕೊರಕ ಹುಳ ಆ ಉದುರು ಹಣ್ಣಿನೊಳಗೇ ಉಳಿದುಕೊಂಡು ಮುಂದಿನ ಬೆಳೆಗೆ ದಾಟುತ್ತದೆ. ಎಲೆಯ ಜೊತೆ ಹಣ್ಣನ್ನೂ ಗಿಡದ ಬುಡಕ್ಕೆ ಊದಿ ಮುಚ್ಚಿಬಿಟ್ಟರೆ ಮತ್ತೆ ಆರಿಸಲು ಆಗುವುದಿಲ್ಲ.

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಆ ದಿನಗಳಲ್ಲಿ ಯಂತ್ರ ಶೆಡ್‌ನಲ್ಲೇ ಇರಲಿ. ರೋಬಸ್ಟಾಗೆ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಗಾಳಿಯೂ ಜೇನೂ ಅದನ್ನು ತರಬೇಕು. ಅಂಥ ಹೊತ್ತಿನಲ್ಲಿ ಹೂವಿನ ಮೇಲೆ ರಸ್ತೆಯ ಧೂಳು ಎರಚುವುದು ಸರಿಯಲ್ಲ.

ಕಣಕ್ಕೆ ಬಂದರೆ, ಕೊಯ್ಲಿಗೆ ಮುಂಚೆ ಖಾಲಿ ಇದ್ದಾಗ ಗುಡಿಸಲು ಚೆನ್ನಾಗಿದೆ. ಕಾಫಿ ಹರಡಿದ ಮೇಲೆ ಹತ್ತಿರ ತರಬೇಡಿ. ಕಾಫಿ ಬೀಜ ಸುತ್ತಲಿನ ವಾಸನೆ ಬೇಗ ಹೀರುತ್ತದೆ, ಡೀಸೆಲ್ ಹೊಗೆ ಹಿಡಿದರೆ ಕಾಫಿ ಕುಡಿಯುವಾಗ ಗೊತ್ತಾಗುತ್ತದೆ.

ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಲೋವರ್ ಸದ್ದಿನಲ್ಲಿ ಡ್ರೈವರ್‌ಗೆ ಹಿಂದಿನಿಂದ ಯಾರು ಕೂಗಿದರೂ ಕೇಳುವುದಿಲ್ಲ, ಕೊಂಬೆ ಮುರಿಯುವ ಸದ್ದು ಕೇಳುವ ಮಾತೇ ಇಲ್ಲ. ಕಿವಿಗೆ ಮಫ್ ಬೇರೆ ಹಾಕಿರುತ್ತಾನೆ, ಹಾಕಲೇಬೇಕು. ಆದ್ದರಿಂದ ಆ ದಿನ ಆನೆ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಹೊರಡಿ. ಗಡಿ ಕಡೆ ಕೆಲಸ ಇದ್ದರೆ ಇನ್ನೊಬ್ಬರು ಮುಂದೆ ಸ್ವಲ್ಪ ದೂರದಲ್ಲಿ, ಡ್ರೈವರ್ ಕಣ್ಣಿಗೆ ಕಾಣುವ ಹಾಗೆ ನಿಂತು ಕೈಸನ್ನೆ ಮಾಡಲಿ. ಆ ವ್ಯಕ್ತಿ ಗಾಳಿ ಬರುವ ಎಡಬದಿಯಲ್ಲಿ ನಿಲ್ಲಬಾರದು. ಕಲ್ಲು ಹಾರುತ್ತದೆ. ಎಡಕ್ಕೆ 20 ಮೀಟರ್ ಒಳಗೆ ಆಳು, ದನ, ನಿಲ್ಲಿಸಿದ ಜೀಪು ಏನೂ ಇರದ ಹಾಗೆ ನೋಡಿಕೊಳ್ಳಿ. ಡ್ರೈವರ್‌ಗೆ ಕನ್ನಡಕ, ಮಾಸ್ಕ್ ಕೊಡಿ.

ನಿಗಾ

ದಿನದ ಕೆಲಸ ಶುರು ಮಾಡುವ ಮುಂಚೆ ಇಂಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೇರಿಂಗ್‌ಗೆ ಒಂದೆರಡು ಪಂಪ್ ಗ್ರೀಸ್ ಕೊಡಿ, ಜಾಲರಿ ಕೊಡವಿ. ಜಾಲರಿಗೆ ಅಂಟಿದ ಎಲೆ ತೆಗೆಯಲು ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡೇ ಹಿಂದೆ ಹೋಗಿ.

ವರ್ಷಕ್ಕೆ ಒಂದು ಸಲ, ಸೀಸನ್ ಶುರುವಾಗುವ ಮುಂಚೆ, ಇಂಪೆಲ್ಲರ್ ಹೊರಗೆ ತೆಗೆದು ತೊಳೆಯಿರಿ. ಬ್ಲೇಡಿನ ವೆಲ್ಡ್‌ಗಳಿಗೆ ಡೀಸೆಲ್ ಸವರಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಎಲ್ಲಾದರೂ ಬಿರುಕು ಇದ್ದರೆ ಒಳಗೆ ಇಳಿದಿದ್ದ ಡೀಸೆಲ್ ಮೇಲೆ ಬಂದು ಸುಣ್ಣದಲ್ಲಿ ಕಪ್ಪು ಗೆರೆ ಮೂಡುತ್ತದೆ. ಒಂದು ಗೆರೆ ಕಂಡರೂ ಆ ಜಾಗ ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ವೆಲ್ಡ್ ಮಾಡಿ, ಮತ್ತೆ ಬ್ಯಾಲೆನ್ಸ್ ಮಾಡಿಯೇ ಓಡಿಸಿ. ಎರಡು ಮೂರು ಕಡೆ ಕಂಡರೆ ಇಂಪೆಲ್ಲರ್ ಹೊಸದು ಮಾಡಿಸಿ.

ಮಳೆಗಾಲಕ್ಕೆ ಬೆಲ್ಟ್ ಸಡಿಲ ಮಾಡಿ, ಕೇಸಿಂಗ್ ಒಳಗೆ ಹಳೆ ಎಂಜಿನ್ ಆಯಿಲ್ ಸವರಿ, ಜಾಲರಿಗೆ ಗೋಣಿ ಕಟ್ಟಿ, ನೆಲ ತಾಗದ ಹಾಗೆ ಎರಡು ಮರದ ದಿಮ್ಮಿ ಮೇಲೆ ನಿಲ್ಲಿಸಿ. ಇಲಿ ಒಳಗೆ ಗೂಡು ಕಟ್ಟುವುದುಂಟು, ಅಕ್ಟೋಬರ್‌ನಲ್ಲಿ ತೆಗೆಯುವಾಗ ಮೂತಿಯೊಳಗೆ ಟಾರ್ಚ್ ಹಾಕಿ ನೋಡಿ.